ಬಿಲ್ಲಿನ ಬೆನ್ನ ಮೇಲಿನ ಸಣ್ಣ ಮಾತು

ಹೋಟೆಲು ನಡೆಸುತ್ತಿದ್ದವನು ಪತ್ರಿಕೆಯ ಸಂಪಾದಕನಾದುದು ಹೇಗೆಂದು ಕೇಳುವವರು ಈಗಲೂ ಉಂಟು. ಅವರಿಗೆ ನಾನು ಕೊಡುವ ಉತ್ತರ ಇಷ್ಟೆ: ಎರಡೂ ಬಡಿಸುವ ಕಸಬೇ, ಭೇದ ಸ್ವಲ್ಪ. ಹೋಟೆಲಿನಲ್ಲಿ ನಿನ್ನೆಯದನ್ನು ಇಂದು ಬಡಿಸಿದರೆ ಗಿರಾಕಿ ಬೈಯುತ್ತಾನೆ. ಪತ್ರಿಕೆಯಲ್ಲಿ ನಿನ್ನೆಯದನ್ನೇ ಇಂದು ಬಡಿಸುತ್ತೇವೆ, ಓದುಗ ದುಡ್ಡು ಕೊಟ್ಟು ಕೊಳ್ಳುತ್ತಾನೆ.

ಈ ಮಾತನ್ನು ಕೇಳಿದವರು ನಗುತ್ತಾರೆ. ಅವರು ನಕ್ಕಾಗ ನನಗಾಗುವ ಸಂತೋಷವು ಗಲ್ಲಾಪೆಟ್ಟಿಗೆ ತುಂಬಿದ ದಿನಗಳಲ್ಲಿಯೂ ಆದುದಿಲ್ಲ. ಸಣ್ಣ ಮಾತೊಂದನ್ನು ಕಟ್ಟುವುದರಲ್ಲಿರುವ ಆ ಸಂತೋಷದ ವಿಚಾರವಾಗಿಯೇ ಇಂದು ವಾಚಕರೊಡನೆ ಕೆಲವು ಮಾತನ್ನು ಆಡಬೇಕೆಂದಿದ್ದೇನೆ. ಎಸ್.ಎಸ್.ಎಲ್.ಸಿ. ಓದಿದವನಿಗೆ ಸಾಹಿತ್ಯದ ಗೊಡವೆ ಏಕೆಂದು ಯಾರೂ ಹುಬ್ಬೇರಿಸಬಾರದು. 1943ರಲ್ಲಿ ‘ಮಂಕುತಿಮ್ಮನ ಕಗ್ಗ’ವೆಂಬ ಹೆಸರಿನಲ್ಲಿ ನಾಲ್ಕು ನಾಲ್ಕು ಸಾಲಿನ 945 ಪದ್ಯಗಳನ್ನು ಕನ್ನಡಿಗರ ಕೈಗಿತ್ತ ಡಿ.ವಿ. ಗುಂಡಪ್ಪನವರು ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ದಾಟಿದವರಲ್ಲ. ಪರೀಕ್ಷೆಯೊಂದರಲ್ಲಿ ಮಾತ್ರ ನಾನು ಅವರಿಗಿಂತ ಒಂದು ಮೆಟ್ಟಿಲು ಮೇಲೆ. ಉಳಿದುದೆಲ್ಲದರಲ್ಲಿ ಅವರ ಮನೆಯ ಮೆಟ್ಟಿಲ ಕೆಳಗೆ.

ಕರಿಹಲಗೆಯ ಪಾಠ

ನನಗೆ ಈ ಹುಚ್ಚು ಹಿಡಿದುದು ಲೇಕ್ ಮಾರ್ಕೆಟ್ಟಿನ ಆಸುಪಾಸಿನಲ್ಲಿದ್ದ ನನ್ನ ಸಣ್ಣ ಹೋಟೆಲಿನಲ್ಲಿ. ಬಾಗಿಲ ಬಳಿ ಒಂದು ಕರಿಹಲಗೆ ಇತ್ತು. ‘ಇಂದಿನ ವಿಶೇಷ’ವೆಂದು ತಿಂಡಿಗಳ ಹೆಸರನ್ನು ಬಂಗಾಳಿಯಲ್ಲಿ ಬರೆದು, ಕೆಳಗೆ ಉಳಿದ ಒಂದು ಗೇಣು ಜಾಗದಲ್ಲಿ ನಮ್ಮವರಿಗಾಗಿ ಕನ್ನಡದಲ್ಲಿ ಒಂದು ಮಾತು ಬರೆಯುವುದನ್ನು ರೂಢಿ ಮಾಡಿಕೊಂಡೆ. ಮೊದಮೊದಲು ಗಾದೆಗಳನ್ನು ಬರೆದೆ. ಗಾದೆಗಳ ಸಂಗ್ರಹ ನನ್ನಲ್ಲಿ ಮುಗಿದ ಮೇಲೆ ಸ್ವಂತದ ಮಾತೇ ಬೇಕಾಯಿತು. ಬೆಳಗಿನ ಐದು ಗಂಟೆಗೆ ಒಲೆ ಹೊತ್ತಿಸುವ ಗಡಿಬಿಡಿಯಲ್ಲಿ, ಸೀಮೆಸುಣ್ಣ ಹಿಡಿದು ನಿಂತವನಿಗೆ ದೊಡ್ಡ ಮಾತು ಹೊಳೆಯುವುದಿಲ್ಲ. ಹೊಳೆದರೂ ಹಲಗೆಯಲ್ಲಿ ಜಾಗವಿಲ್ಲ. ಆ ಗೇಣುದ್ದದ ಜಾಗವೇ ನನ್ನ ಗುರುವಾಯಿತು.

ಒಂದು ಉದಾಹರಣೆ ಕೊಡುತ್ತೇನೆ. ಒಂದು ದಿನ ಮಧ್ಯಾಹ್ನ ಮೂರೂವರೆ ಗಂಟೆಗೆ ನಮ್ಮ ಮಾಣಿಗಳು ಊಟಕ್ಕೆ ಕುಳಿತುದನ್ನು ನೋಡಿದೆ. ಮನಸ್ಸಿಗೆ ಏನೋ ಚುಚ್ಚಿತು. ಬಿಲ್ಲಿನ ಚೀಟಿಯ ಬೆನ್ನ ಮೇಲೆ ಹೀಗೆ ಬರೆದೆ: ‘ದಿನವೆಲ್ಲ ನೂರಾರು ಜನರಿಗೆ ಬಿಸಿಬಿಸಿಯಾದ ಅನ್ನ ಸಾರುಗಳನ್ನು ಬಡಿಸುವ ಮಾಣಿಯು ತಾನು ಉಣ್ಣಲು ಕುಳಿತುಕೊಳ್ಳುವ ಹೊತ್ತಿಗೆ ಎಲ್ಲವೂ ಆರಿ ಹೋಗಿರುತ್ತದೆ.’ ಇದು ನಿಜ. ಆದರೆ ಇದು ಮಾತಲ್ಲ, ದೂರು. ಮರುದಿನ ಅರ್ಧ ಕಡಿದೆ: ‘ಬಿಸಿ ಬಡಿಸುವವನಿಗೆ ಬಿಸಿಯೂಟವಿಲ್ಲ.’ ಪರವಾಗಿಲ್ಲ, ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮೂರನೆಯ ದಿನ ಟ್ರಾಮಿನಲ್ಲಿ ನಿಂತಿರುವಾಗ ತಾನಾಗಿ ಬಂತು: ‘ಬಡಿಸುವವನ ಕೈಗೆ ಬಿಸಿ, ಬಾಯಿಗೆ ತಂಗಳು.’

ಸೀಟು ಸಿಕ್ಕವನಂತೆ ಹಿಗ್ಗಿದೆ. ಏಕೆ ಹಿಗ್ಗಿದೆನೆಂಬುದನ್ನು ಆಮೇಲೆ ಯೋಚಿಸಿದೆ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ನಮ್ಮ ಹಿರಿಯರು ಹೇಳಿ ಹೋದರು. ಅದರಲ್ಲಿಯೂ ಕೈ ಉಂಟು, ಬಾಯಿ ಉಂಟು. ನನಗರಿಯದೆಯೇ ಆ ಗಾದೆ ನನ್ನ ಮಾತಿನ ಹಿಂದೆ ನಿಂತಿತ್ತು. ದುಡಿದವನಿಗೆ ಮೊಸರು ಉಂಟೆಂದು ಅದು ಭರವಸೆ ಕೊಡುತ್ತದೆ. ಹೋಟೆಲಿನ ಹಿಂಬದಿಯಲ್ಲಿ ಆ ಭರವಸೆ ಎಷ್ಟು ಮಟ್ಟಿಗೆ ನಡೆದಿದೆಯೆಂದು ಇದು ಕೇಳುತ್ತದೆ. ಎರಡು ಪದ ಬೇರೆಯಾದರೆ ಇಷ್ಟು ದೊಡ್ಡ ಪ್ರಶ್ನೆ ಏಳುತ್ತದೆಯಲ್ಲಾ ಎಂಬುದೇ ಬೆರಗು.

ಸಣ್ಣ ಮಾತಿನ ಸುಖವು ಸೇರಿಸುವುದರಲ್ಲಿಲ್ಲ, ತೆಗೆಯುವುದರಲ್ಲಿದೆ. ತೆಂಗಿನಕಾಯಿಯ ಸಿಪ್ಪೆ ಸುಲಿದು, ಚಿಪ್ಪು ಒಡೆದು, ತುರಿದು, ರುಬ್ಬಿ, ಹಿಂಡಿದ ಮೇಲೆ ಉಳಿಯುವ ಒಂದು ಲೋಟ ಹಾಲಿನಂತೆ ಅದು. ಕನ್ನಡವಂತೂ ಇದಕ್ಕೆ ಹೇಳಿ ಮಾಡಿಸಿದ ಭಾಷೆ. ವಾಕ್ಯದಲ್ಲಿ ಕ್ರಿಯಾಪದವನ್ನೇ ಬಿಟ್ಟರೂ ಅರ್ಥ ಕೆಡುವುದಿಲ್ಲ. ‘ಭರಣಿ ಮಳೆ, ಧರಣಿಯೆಲ್ಲ ಬೆಳೆ’ ಎಂದ ರೈತನು ಮಳೆ ಬಂದರೆ, ಬೆಳೆ ಬಂದೀತು ಎಂದೆಲ್ಲ ವಿವರಿಸುತ್ತಾ ಕೂರಲಿಲ್ಲ. ಅವನಿಗೆ ಉಳುವ ಕೆಲಸವಿತ್ತು.

ಹಿರಿಯರು ಹಾಕಿದ ದಾರಿ

ಹೀಗೆ ಬರೆಯತೊಡಗಿದ ಮೇಲೆ, ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರು ಯಾರೆಂದು ತಿಳಿಯುವ ಆಸೆ ಹುಟ್ಟಿತು. ಕನ್ನಡ ಪುಸ್ತಕಗಳನ್ನು ಊರಿಗೆ ಹೋದಾಗಲೆಲ್ಲ ತಂದು ಓದಿದೆ.

ಮೊದಲನೆಯವನು ಸರ್ವಜ್ಞನೇ. ಮೂರೇ ಸಾಲಿನ ತ್ರಿಪದಿಯಲ್ಲಿ ಊಟ, ಸಾಲ, ಜಾತಿ, ಗುರು, ಹೆಂಡತಿ, ರಾಜ ಯಾವುದನ್ನೂ ಅವನು ಬಿಟ್ಟವನಲ್ಲ. ಆ ಮಾತುಗಳು ಜನರ ಬಾಯಲ್ಲಿಯೇ ಶತಮಾನಗಳ ಕಾಲ ಉಳಿದು ಬಂದವು. ಅವುಗಳನ್ನು ಓಲೆಗರಿಗಳಿಂದಲೂ ಹಳ್ಳಿಯವರ ಬಾಯಿಂದಲೂ ಕಲೆಹಾಕಿ 1924ರಲ್ಲಿ ಪುಸ್ತಕವಾಗಿ ಹೊರತಂದವರು ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿಗಳಾಗಿದ್ದರೆಂಬುದನ್ನು ನೆನೆದರೆ, ಸಣ್ಣ ಮಾತಿಗೆ ಮತದ ಬೇಲಿ ಇಲ್ಲವೆಂದು ತಿಳಿಯುತ್ತದೆ.

ಮುಂದೆ 1942ರಲ್ಲಿ ಬೆಂಗಳೂರಿನಲ್ಲಿ ‘ಕೊರವಂಜಿ’ ಹುಟ್ಟಿತು. ಅದನ್ನು ನಡೆಸಿದ ರಾ.ಶಿ.ಯವರು ವೃತ್ತಿಯಿಂದ ವೈದ್ಯರು. 1967ರವರೆಗೆ, ಇಪ್ಪತ್ತೈದು ವರ್ಷ, ಕನ್ನಡಿಗರಿಗೆ ನಗುವಿನ ಔಷಧಿಯನ್ನು ತಿಂಗಳು ತಿಂಗಳು ಕುಡಿಸಿದರು. ಆ ಪತ್ರಿಕೆಯ ಹಿರಿಯ ಲೇಖಕರಲ್ಲೊಬ್ಬರಾದ ನಾ. ಕಸ್ತೂರಿಯವರು ‘ಅನರ್ಥಕೋಶ’ವೆಂಬ ನಿಘಂಟನ್ನೇ ರಚಿಸಿದರು. ಪದದ ಅರ್ಥವನ್ನು ತಿರುಚಿ ನಿಜಾರ್ಥವನ್ನು ಹಿಂಡುವುದು ಅದರ ಕ್ರಮ. ಇದರಲ್ಲಿ ನಮ್ಮಂಥವರು ಗಮನಿಸತಕ್ಕ ಸಂಗತಿ ಒಂದಿದೆ: ಕಸ್ತೂರಿಯವರು ಹುಟ್ಟಿದುದು ಕೇರಳದಲ್ಲಿ. ಉದ್ಯೋಗಕ್ಕೆಂದು ಮೈಸೂರಿಗೆ ಬಂದು, ಪರಭಾಷೆಯಾದ ಕನ್ನಡವನ್ನು ಕಲಿತು, ಕನ್ನಡಿಗರನ್ನೇ ನಗಿಸಿದರು. ಹೊಟ್ಟೆಪಾಡಿಗೆ ಬಂದ ಊರಿನ ಭಾಷೆಯಲ್ಲಿ ಲೆಕ್ಕ ಕೂಡಿಸುವುದನ್ನು ಎಲ್ಲರೂ ಕಲಿಯುತ್ತೇವೆ. ನಗಿಸುವಷ್ಟು ಕಲಿತವನು ಆ ಊರಿನವನೇ ಆಗಿಬಿಡುತ್ತಾನೆ.

ಅವರ ದಾರಿಯಲ್ಲಿ ನಾನೂ ಒಂದೆರಡು ಅರ್ಥಗಳನ್ನು ಹಲಗೆಗೆ ಏರಿಸಿದ್ದುಂಟು. ‘ಮುಂಗಡ: ಬರುವ ತಿಂಗಳ ಹಸಿವನ್ನು ಈ ತಿಂಗಳೇ ಉಣ್ಣುವುದು.’ ಗುಮಾಸ್ತ ಬಂಧುಗಳಿಗಾಗಿ: ‘ಬಡ್ತಿ: ಕುರ್ಚಿ ಹಳೆಯದೇ, ಬೈಗಳು ಮಾತ್ರ ಇನ್ನೂ ಮೇಲಿನವರಿಂದ.’

ಬೀಚಿಯವರ ವಿಚಾರವನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಯೇ ಇಲ್ಲ. 1913ರಲ್ಲಿ ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬೀಚಿಯಾದರು. ಕಚೇರಿಯ ಕಡತಗಳ ಧೂಳಿನಲ್ಲಿ ಕುಳಿತವನಿಗೂ ಇಂಥ ಮಾತು ಹುಟ್ಟುತ್ತದೆಂಬುದಕ್ಕೆ ಅವರೇ ಸಾಕ್ಷಿ. ತಮ್ಮ ಆತ್ಮಕಥೆಯನ್ನು ಅವರು ‘ನನ್ನ ಭಯಾಗ್ರಫಿ’ ಎಂದು ಕರೆದರು. ಒಂದೇ ಅಕ್ಷರದ ಬದಲಾವಣೆಯಲ್ಲಿ ಬಾಳಿನ ಭಯವೆಲ್ಲ ಬಂದು ಕುಳಿತಿತು.

ದಿನಕರ ದೇಸಾಯಿಯವರು

ಇವರೆಲ್ಲರನ್ನೂ ಗೌರವಿಸುತ್ತಲೇ, ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಂಕೋಲೆಯ ದಿನಕರ ದೇಸಾಯಿಯವರ ಮುಂದೆ. ‘ಚುಟುಕು ಬ್ರಹ್ಮ’ನೆಂದು ಕನ್ನಡನಾಡು ಅವರನ್ನು ಕರೆಯಿತು. ‘ಘಂಟೆಯ ನೆಂಟ’ನೆಂದು ಗಡಿಯಾರವನ್ನು ಕರೆದ ಅವರ ಶಿಶುಗೀತೆಯನ್ನು ಬಾಲ್ಯದಲ್ಲಿ ನಮ್ಮಲ್ಲಿ ಅನೇಕರು ಹಾಡಿದವರೇ. ಅವರ ಚೌಪದಿಯಲ್ಲಿ ನಾಲ್ಕು ಸಾಲು. ಎರಡೆರಡು ಸಾಲಿಗೆ ಪ್ರಾಸ. ಮೂರು ಸಾಲು ಮೆಲ್ಲಗೆ ನಡೆದು ಬಂದು, ನಾಲ್ಕನೆಯದು ಬಾಗಿಲು ತಟ್ಟುತ್ತದೆ.

1909ರಲ್ಲಿ ಹುಟ್ಟಿದ ದೇಸಾಯಿಯವರು ಉಚ್ಚ ವಿದ್ಯಾಭ್ಯಾಸವನ್ನು ಪಡೆದಿದ್ದರೂ ವಕೀಲಿ ಹಿಡಿದು ಹಣ ಮಾಡಲಿಲ್ಲ. ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿ, ಮುಂಬಯಿಯಲ್ಲಿ ಹಡಗಿನ ಕೂಲಿಗಾರರಾದ ಖಲಾಸಿಗಳ ಸಂಘಟನೆಯಲ್ಲಿ ದುಡಿದರು. ಅವರ ಬಾಳಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಬರೆದರು. ಅಂದಿನ ದಿನಗಳಲ್ಲಿ ಖಲಾಸಿಗಳನ್ನು ಹಡಗಿಗೆ ಸೇರಿಸುವ ಎರಡು ದೊಡ್ಡ ಬಂದರುಗಳೆಂದರೆ ಮುಂಬಯಿ ಮತ್ತು ನಮ್ಮ ಈ ಕಲಕತ್ತೆ. ಖಿದಿರಪುರದ ಹಡಗುಕಟ್ಟೆಯ ಕಡೆಗೆ ಹೋದಾಗ ನನಗೆ ಅವರ ನೆನಪು ಬಾರದೆ ಇರುವುದಿಲ್ಲ. ಊರಿನಲ್ಲಿ ಗೇಣಿದಾರ ರೈತರ ಪರವಾಗಿ ನಿಂತುದಕ್ಕಾಗಿ ಬ್ರಿಟಿಷ್ ಸರಕಾರದಿಂದ ಜಿಲ್ಲೆಯ ಹೊರಗೆ ಗಡೀಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಕಟ್ಟಿ ಉತ್ತರ ಕನ್ನಡದ ಹಿಂದುಳಿದ ಊರುಗಳಲ್ಲಿ ಶಾಲೆಗಳನ್ನು ತೆರೆದರು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೂ ಹೋದರು. 1982ರಲ್ಲಿ ತೀರಿಕೊಂಡರು.

ಇಷ್ಟು ಕೆಲಸಗಳ ನಡುವೆ ಕಾವ್ಯಕ್ಕೆ ಸಮಯವೆಲ್ಲಿಯದು? ನಾಲ್ಕು ಸಾಲಿಗೆ ಬೇಕಾದಷ್ಟು ಇತ್ತೆಂದೇ ನನ್ನ ಊಹೆ. ಸಣ್ಣ ಮಾತು ಪುರುಸೊತ್ತಿಲ್ಲದವರ ಸಾಹಿತ್ಯ. ಕಾದಂಬರಿಗೆ ವರುಷ ಬೇಕು, ನಾಟಕಕ್ಕೆ ತಿಂಗಳು ಬೇಕು. ಚುಟುಕಕ್ಕೆ ಎರಡು ಟ್ರಾಮುಗಳ ನಡುವಣ ಹೊತ್ತು ಸಾಕು. ಎರಡನೆಯ ಸಂಗತಿ ಇನ್ನೂ ಮುಖ್ಯವಾದುದು. ಅವರ ಚಾಟಿ ಬೀಸಿದುದು ಕುರ್ಚಿ ಹಿಡಿದವರ ಮೇಲೆ, ಗಂಟು ಕಟ್ಟಿದವರ ಮೇಲೆ, ಬಾಯಲ್ಲಿ ಧರ್ಮವಿಟ್ಟುಕೊಂಡವರ ಮೇಲೆ. ಖಲಾಸಿಯ ಮೇಲಾಗಲಿ ಗೇಣಿದಾರನ ಮೇಲಾಗಲಿ ಅದು ಬೀಳಲಿಲ್ಲ. ತಮ್ಮ ವಿಷಯ ಬಂದಾಗ, ಸತ್ತ ಮೇಲೆ ತಮ್ಮ ಬೂದಿಯಾದರೂ ಗದ್ದೆಗೆ ಉಪಯೋಗವಾಗಲೆಂಬ ಅರ್ಥದ ಪದ್ಯ ಬರೆದರು. ಈ ಎರಡನೆಯ ಸಂಗತಿಯನ್ನು ನಾನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಲಿತಿರಲಿಲ್ಲ. ಕಲಿತುದು ಹೇಗೆಂಬುದನ್ನು ಮುಂದೆ ಹೇಳುತ್ತೇನೆ.

ಈ ಊರಿನವರ ಜಾಣ್ಮೆ

ಅದಕ್ಕೆ ಮೊದಲು ನಮಗೆ ಅನ್ನವಿಕ್ಕಿದ ಊರಿನ ಋಣವನ್ನೂ ಹೇಳಬೇಕು. 2001ರಲ್ಲಿ ಸರಕಾರದ ದಫ್ತರಿನಲ್ಲಿ ಇದರ ಹೆಸರು ಕೊಲ್ಕತಾ ಎಂದಾಯಿತು. ನಮ್ಮವರ ಬಾಯಲ್ಲಿ ಇನ್ನೂ ಕಲಕತ್ತೆಯೇ. ಹೆಸರು ಯಾವುದಾದರೂ ಸಣ್ಣ ಮಾತಿನ ರುಚಿ ಬಲ್ಲ ಊರು ಇದು.

ನಮ್ಮಲ್ಲಿ ಮಳೆಯ ಗಾದೆಗಳಿರುವಂತೆ ಬಂಗಾಳದಲ್ಲಿ ‘ಖನಾ’ ಎಂಬವಳ ವಚನಗಳಿವೆ. ಯಾವ ತಿಂಗಳಲ್ಲಿ ಬಿತ್ತಬೇಕು, ಯಾವ ಗಾಳಿಗೆ ಮಳೆ ಬರುತ್ತದೆ ಎಂಬುದನ್ನೆಲ್ಲ ಎರಡೆರಡು ಸಾಲಿನಲ್ಲಿ ಹೇಳುವ ಮಾತುಗಳು. ಉತ್ತರ ಇಪ್ಪತ್ತನಾಲ್ಕು ಪರಗಣದ ಚಂದ್ರಕೇತುಗಢದಲ್ಲಿ ಅವಳ ಹೆಸರಿನ ದಿಬ್ಬವೊಂದಿದೆ. ಜ್ಯೋತಿಷಿಯಾದ ಮಾವನಿಗಿಂತ ಸೊಸೆಯ ಮಾತೇ ನಿಜವಾಗತೊಡಗಿದಾಗ ಅವಳ ನಾಲಗೆಯನ್ನು ಕತ್ತರಿಸಲಾಯಿತೆಂದು ಐತಿಹ್ಯ. ಇತಿಹಾಸವೋ ಕಥೆಯೋ, ನಾಲಗೆ ಹೋದರೂ ಮಾತು ಉಳಿಯಿತು. ಸಣ್ಣ ಮಾತನ್ನು ಅಡಗಿಸುವುದು ಕಷ್ಟ. ಅದು ಬೇರೆಯವರ ನಾಲಗೆಯ ಮೇಲೆ ಹೋಗಿ ಕುಳಿತುಬಿಡುತ್ತದೆ.

ರವೀಂದ್ರನಾಥ ಠಾಕೂರರು 1899ರಲ್ಲಿಯೇ ‘ಕಣಿಕಾ’ ಎಂಬ ಪುಟ್ಟ ಪದ್ಯಗಳ ಸಂಗ್ರಹವನ್ನು ಹೊರತಂದರು. ಚೀನ, ಜಪಾನುಗಳಿಗೆ ಹೋದಾಗ ಅಲ್ಲಿಯ ಜನರು ಬೀಸಣಿಗೆಗಳನ್ನೂ ರೇಷ್ಮೆಯ ತುಂಡುಗಳನ್ನೂ ಮುಂದೊಡ್ಡಿ ಹಸ್ತಾಕ್ಷರವನ್ನು ಬೇಡುತ್ತಿದ್ದರಂತೆ. ಅವುಗಳ ಮೇಲೆ ಬರೆದುಕೊಟ್ಟ ಪುಟ್ಟ ಪದ್ಯಗಳೇ ಬೆಳೆದು ‘ಲೇಖನ’ವೆಂಬ ಪುಸ್ತಕವಾಯಿತು, ಅದು ಕವಿಯ ಕೈಬರಹದಲ್ಲಿಯೇ ಅಚ್ಚಾಯಿತು. ಮಹಾಕವಿಗೆ ಬೀಸಣಿಗೆ, ನಮಗೆ ಬಿಲ್ಲಿನ ಬೆನ್ನು: ಕಾಗದ ಸಣ್ಣದಾದಾಗ ಮಾತು ಚುರುಕಾಗುತ್ತದೆಂಬ ನಿಯಮ ಇಬ್ಬರಿಗೂ ಒಂದೇ.

ಇನ್ನೊಬ್ಬರು ಶಿಬರಾಂ ಚಕ್ರವರ್ತಿಗಳು. ಉತ್ತರ ಕಲಕತ್ತೆಯ ಮುಕ್ತಾರಾಂ ಬಾಬು ಬೀದಿಯ ಒಂದು ಮೆಸ್ಸಿನ ಕೋಣೆಯಲ್ಲಿ ಒಂಟಿಯಾಗಿ ಬಾಳಿ, 1980ರಲ್ಲಿ ತೀರಿಕೊಂಡ ಈ ಲೇಖಕರು ಪದಗಳ ಶ್ಲೇಷೆಯಲ್ಲಿ ಬಂಗಾಳಿಗರಿಗೆಲ್ಲ ಗುರು. ಪುಸ್ತಕ ಇಟ್ಟುಕೊಳ್ಳದೆ ಗೋಡೆಯ ಮೇಲೆಯೇ ವಿಳಾಸ, ಲೆಕ್ಕಗಳನ್ನು ಬರೆದುಕೊಳ್ಳುತ್ತಿದ್ದರೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಮೂರು ಜನ ಒಂದು ಕೋಣೆಯಲ್ಲಿ ಮಲಗಿ, ಗೋಡೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುವ ನಮ್ಮವರಿಗೆ ಈ ಬಾಳು ಪರಕೀಯವೇನೂ ಅಲ್ಲ.

ಬಂಗಾಳಿ ಬಾಬುವೊಬ್ಬರು ನನ್ನ ಹೋಟೆಲಿನ ನಿತ್ಯದ ಗಿರಾಕಿ. ಕನ್ನಡದ ಸಾಲನ್ನು ನೋಡಿ ‘ದಾದಾ, ಇವತ್ತು ಏನು ಬರೆದಿದ್ದೀರಿ?’ ಎಂದು ದಿನವೂ ಕೇಳುವರು. ಒಂದು ದಿನ ‘ಹೋಟೆಲಿನ ಮುಂದೆ ಸಾಲು, ಮಾಲೀಕನ ಹಿಂದೆ ಸಾಲ’ ಎಂದು ಬರೆದಿದ್ದೆ. ಅದನ್ನು ಬಂಗಾಳಿಯಲ್ಲಿ ವಿವರಿಸಲು ಕಾಲು ಗಂಟೆ ಹಿಡಿಯಿತು. ಅವರ ಮುಖದಲ್ಲಿ ನಗೆಯ ಸುಳಿವೂ ಇಲ್ಲ. ಇನ್ನೊಂದು ದಿನ ‘ಗಿರಾಕಿ ದೇವರು, ಆದರೆ ದೇವರು ಉದ್ರಿ ಕೇಳುವುದಿಲ್ಲ’ ಎಂದು ಬರೆದೆ. ಹೇಳಿದ ಕೂಡಲೆ ಗಟ್ಟಿಯಾಗಿ ನಕ್ಕರು. ಆ ಸಂಜೆಯೇ ಹಿಂದಿನ ತಿಂಗಳ ಬಾಕಿಯನ್ನು ತಂದು ಕೊಟ್ಟರು. ಅಕ್ಷರದ ಆಟ ಊರ ಗಡಿಯಲ್ಲಿ ನಿಲ್ಲುತ್ತದೆ, ಬಾಳಿನ ಸತ್ಯ ರೈಲು ಹತ್ತಿ ಬರುತ್ತದೆಂದು ಅಂದು ತಿಳಿದೆ. ಬಾಕಿ ವಸೂಲಾದುದು ಲಾಭದ ಮೇಲಿನ ಲಾಭ.

ಒಡೆದ ಗ್ಲಾಸು

ಈಗ ನನ್ನ ತಪ್ಪಿನ ಕಥೆ. ಕುಂದಾಪುರದ ಕಡೆಯಿಂದ ಬಂದ ಒಬ್ಬ ಹುಡುಗ ನಮ್ಮಲ್ಲಿ ಮಾಣಿಯಾಗಿದ್ದ. ಏಳನೆಯ ತರಗತಿಯವರೆಗೆ ಓದಿದ್ದ. ಹದಿನೆಂಟು ತುಂಬಿ ಹೆಚ್ಚು ದಿನವಾಗಿರಲಿಲ್ಲ. ಕೆಲಸದಲ್ಲಿ ಚುರುಕು, ಆದರೆ ಕೈ ಜಾರುತ್ತಿತ್ತು. ವಾರಕ್ಕೆ ಎರಡು ಗ್ಲಾಸಾದರೂ ಒಡೆಯುವನು. ಒಡೆದ ಗ್ಲಾಸಿನ ಬೆಲೆಯನ್ನು ಸಂಬಳದಲ್ಲಿ ಹಿಡಿಯುವುದು ನನ್ನ ಹೋಟೆಲಿನ ಪದ್ಧತಿಯಾಗಿತ್ತು. ಒಂದು ಬೆಳಿಗ್ಗೆ ಹಲಗೆಯ ಮೇಲೆ ನಾನು ಬರೆದೆ: ‘ಇಂದಿನ ವಿಶೇಷ: ನಮ್ಮ ಮಾಣಿ ಇನ್ನೂ ಒಂದು ಗ್ಲಾಸೂ ಒಡೆದಿಲ್ಲ.’

ಅಂದು ಹೋಟೆಲಿನಲ್ಲಿ ನಗುವೋ ನಗು. ಕಾಫಿ ಕುಡಿಯಲು ಬಂದ ನಮ್ಮವರೆಲ್ಲರೂ ‘ಏನು ಮಾರಾಯ, ಇನ್ನೂ ಒಡೆಯಲಿಲ್ಲವೋ?’ ಎಂದು ಹುಡುಗನನ್ನು ಕೇಳಿದವರೇ. ಅವನೂ ನಕ್ಕ. ನಾನು ಗಲ್ಲೆಯಲ್ಲಿ ಕುಳಿತು, ನನ್ನ ಚಾತುರ್ಯಕ್ಕೆ ನಾನೇ ಮೆಚ್ಚಿದೆ. ಸಂಜೆಯ ಹೊತ್ತಿಗೆ ಹುಡುಗನ ನಗು ನಿಂತುದನ್ನು ನಾನು ನೋಡಲಿಲ್ಲ. ನೋಡಿದ ಅಡುಗೆಯ ಭಟ್ಟರು ನನಗೆ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನಾನು ಬರುವ ಮೊದಲೇ ಹಲಗೆಯ ಮೇಲೆ, ನನ್ನ ಸಾಲಿನ ಕೆಳಗೆ, ಸೊಟ್ಟ ಅಕ್ಷರಗಳಲ್ಲಿ ಎರಡು ಸಾಲು ಬಿದ್ದಿದ್ದುವು. ಒತ್ತಕ್ಷರಗಳೆಲ್ಲ ತಪ್ಪು. ತಿದ್ದಿ ಬರೆದರೆ ಹೀಗೆ: ‘ಒಡೆದ ಗ್ಲಾಸಿಗೆ ನನ್ನ ಸಂಬಳದಲ್ಲಿ ಕಡಿತ. ಒಡೆದ ಮನಸ್ಸಿಗೆ ಯಾರ ಸಂಬಳದಲ್ಲಿ?’

ಆ ಹೊತ್ತಿಗೆ ಐದಾರು ಮಂದಿ ಅದನ್ನು ಓದಿ ಆಗಿತ್ತು. ಯಾರೂ ನಗಲಿಲ್ಲ. ಹಿಂದಿನ ದಿನ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ ಗುಮಾಸ್ತರೊಬ್ಬರು ಕಾಫಿಯ ದುಡ್ಡನ್ನು ಗಲ್ಲೆಯ ಮೇಲಿಟ್ಟು, ನನ್ನ ಮುಖ ನೋಡದೆ ಹೊರಟುಹೋದರು. ಅಳಿಸಲೆಂದು ಬಟ್ಟೆ ಕೈಗೆತ್ತಿಕೊಂಡೆ, ಅಳಿಸಲಾಗಲಿಲ್ಲ. ಆ ಹಲಗೆಯ ಮೇಲೆ ಅಷ್ಟು ವರ್ಷಗಳಲ್ಲಿ ಬಿದ್ದ ಮಾತುಗಳಲ್ಲೆಲ್ಲ ಅದೇ ಶ್ರೇಷ್ಠವಾದುದೆಂದು, ಬರೆಯುವವನಾದ ನನಗೆ ಆ ನಾಚಿಕೆಯಲ್ಲಿಯೂ ಗೊತ್ತಾಗಿತ್ತು. ಸಾಯಂಕಾಲದವರೆಗೆ ಅದು ಹಾಗೆಯೇ ಇತ್ತು.

ಗ್ಲಾಸಿನ ಕಡಿತವನ್ನು ಆ ತಿಂಗಳೇ ನಿಲ್ಲಿಸಿದೆ. ಹುಡುಗ ಇನ್ನೂ ಎರಡು ವರ್ಷ ನಮ್ಮಲ್ಲಿದ್ದು, ಮುಂದೆ ಬೆಂಗಳೂರಿನ ಕಡೆಗೆ ಹೋದ. ಆದರೆ ಹಲಗೆಯ ಮೇಲೆ ಬರೆಯಬೇಕಾಗಿದ್ದ ಇನ್ನೊಂದು ಮಾತನ್ನು ನಾನು ಬರೆಯಲಿಲ್ಲ. ಅದು ಎಲ್ಲಕ್ಕಿಂತ ಸಣ್ಣ ಮಾತು, ಒಂದೇ ಪದ: ‘ತಪ್ಪಾಯಿತು.’ ನೂರಾರು ಜಾಣ್ಮಾತುಗಳನ್ನು ಬರೆದ ಕೈಗೆ ಆ ಒಂದು ಪದ ಬರಲಿಲ್ಲ. ಈಗ ಅವನು ಎಲ್ಲಿದ್ದಾನೋ ತಿಳಿಯದು. ಈ ಪತ್ರಿಕೆ ಅವನ ಕೈಗೆ ಸಿಕ್ಕರೆ ಅದನ್ನು ಇಲ್ಲಿ ಓದಿಕೊಳ್ಳಲಿ.

ನಗೆಮಾತಿಗೆ ಅಂಚು ಇರಲೇಬೇಕು. ಅಂಚಿಲ್ಲದ ಚೂರಿ ಈರುಳ್ಳಿಯನ್ನೂ ಕೊಯ್ಯದು. ಆದರೆ ಚೂರಿ ಯಾರ ಕಡೆಗೆ ತಿರುಗಿದೆಯೆಂಬುದನ್ನು ಬರೆಯುವವನು ಮೊದಲೇ ನೋಡಿಕೊಳ್ಳಬೇಕು. ಮೇಲಿನವರ ಕಡೆಗಾದರೆ ಧೈರ್ಯ. ತನ್ನ ಕಡೆಗಾದರೆ ವಿವೇಕ. ಸಂಬಳ ಕೊಡುವವನು ಸಂಬಳ ತೆಗೆದುಕೊಳ್ಳುವವನ ಕಡೆಗೆ ತಿರುಗಿಸಿದರೆ ಅದು ಹಾಸ್ಯವಲ್ಲ, ಇನ್ನೊಂದು ಬಗೆಯ ಕಡಿತ. ದೇಸಾಯಿಯವರ ಪುಸ್ತಕದಿಂದ ಕಲಿಯದೆ ಹೋದುದನ್ನು ನನಗೆ ಏಳನೆಯ ತರಗತಿಯ ಆ ಹುಡುಗ ಎರಡು ಸಾಲಿನಲ್ಲಿ ಕಲಿಸಿದ.

ನಿಮ್ಮ ಸರದಿ

ಈ ಪತ್ರಿಕೆಗೆ ಬಂದ ಮೇಲೆ ನನಗೆ ಬರುವ ಚೀಟಿಗಳಲ್ಲಿ ಹೆಚ್ಚು ಸಂತೋಷ ಕೊಡುವವು ಇಂಥ ಮಾತುಗಳೇ. ಇತ್ತೀಚೆಗೆ ದೋಸೆ ಹಾಕುವ ಬಂಧುವೊಬ್ಬರು, ಹೆಸರು ಹಾಕಬಾರದೆಂಬ ಷರತ್ತಿನೊಡನೆ, ಈ ಚುಟುಕವನ್ನು ಕಳುಹಿಸಿದ್ದರು:

ದೋಸೆಕಲ್ಲ ಮುಂದೆ ನಿಂತು ವರುಷ ಇಪ್ಪತ್ತು,
ಊರ ಮನೆಯ ಸಾಲ ಇನ್ನೂ ಬಾಗಿಲಲ್ಲಿತ್ತು.
ಕಾದ ಕಲ್ಲು ಸಂಜೆಯೊಳಗೆ ತಣ್ಣಗಾದೀತು,
ಬಡ್ಡಿಯೆಂಬ ಕಲ್ಲು ಮಾತ್ರ ಎಂದು ಆರೀತು?

ಇದನ್ನು ಬರೆದುದರಿಂದ ಅವರ ಸಾಲ ತೀರಲಿಲ್ಲ. ಆದರೆ ‘ಬರೆದ ರಾತ್ರಿ ಒಳ್ಳೆಯ ನಿದ್ದೆ ಬಂತು’ ಎಂದು ಕೆಳಗೆ ಒಂದು ಸಾಲು ಸೇರಿಸಿದ್ದರು. ಎದೆಯ ಮೇಲೆ ಕುಳಿತ ಕಷ್ಟವನ್ನು ಎತ್ತಿ, ಅಳೆದು, ಪ್ರಾಸ ಹೊಂದಿಸಿ ಕಾಗದದ ಮೇಲಿಟ್ಟ ಮೇಲೆ ಅದು ನಾಲ್ಕು ಸಾಲಿನಷ್ಟೇ ಆಗುತ್ತದೆ. ಅದುವರೆಗೆ ಅದು ನಮ್ಮನ್ನು ಆಳುತ್ತಿತ್ತು. ಈಗ ನಮ್ಮ ಜೇಬಿನಲ್ಲಿದೆ. ಸಣ್ಣ ಮಾತಿನ ಸುಖದ ಗುಟ್ಟು ಇದೇ ಎಂದು ನಾನು ನಂಬಿದ್ದೇನೆ.

ಆದುದರಿಂದ ಬಂಧುಗಳೇ, ಬರೆಯಿರಿ. ಒಲೆಯ ಮುಂದೆ ನಿಂತಾಗ, ಕಡತವೊಂದು ಕಾಲಿಲ್ಲದೆಯೂ ಮೇಜಿನಿಂದ ಮಾಯವಾದಾಗ, ಕಳುಹಿಸಿದ ಹಣ ಕ್ಷಣದಲ್ಲಿ ಊರು ಮುಟ್ಟಿ, ಗಳಿಸಿದ ನೀವು ಮುಟ್ಟಲು ವರುಷ ಕಾಯಬೇಕಾದಾಗ, ಹೊಳೆದುದನ್ನು ಬಿಡಬೇಡಿರಿ. ಕಾಗುಣಿತದ ಚಿಂತೆ ಬೇಡ. ಒತ್ತಕ್ಷರವನ್ನು ತಿದ್ದುವುದಕ್ಕೆ ನಾವಿದ್ದೇವೆ. ಮೊದಲು ಉದ್ದವಾಗಿ ಬರೆಯಿರಿ, ಮೂರು ದಿನ ಜೇಬಿನಲ್ಲಿಟ್ಟು ಕಡಿಯಿರಿ. ಕಳುಹಿಸುವ ಮೊದಲು ಚೂರಿ ಯಾರ ಕಡೆಗಿದೆ ಎಂದು ಒಮ್ಮೆ ನೋಡಿರಿ. ಕಾಗದ ಸಿಗದಿದ್ದರೆ ಬಿಲ್ಲಿನ ಬೆನ್ನಾದರೂ ಸಾಕು. ಹೋಟೆಲಿನ ಬಿಲ್ಲಿನಲ್ಲಿ ಮುಂಭಾಗ ಗಿರಾಕಿಯದು, ಬೆನ್ನು ನಮ್ಮದೇ.